ನಾನೇ ಆರಿಸಿದ ಜಿಪಿಎಸ್

ಯಾರಾದರೂ ನಮಸ್ಕಾರ ಎಂದರೆ, ಇವನು ಯಾಕೆ ನಮಸ್ಕಾರ ಎಂದ ಅಂತ ಸಂಜೆಯವರೆಗೂ ಯೋಚಿಸುವ ಮನುಷ್ಯ ನಾನು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಹೇಳಿಕೊಳ್ಳಲಿ. ಇಪ್ಪತ್ತೊಂದು ವರ್ಷ ಬೈಕಿನ ಮೇಲೆ ಊರು ಸುತ್ತಿಯೂ ಒಂದು ಮೂಳೆ ಮುರಿದುಕೊಂಡಿಲ್ಲ ಎಂದರೆ ಅದಕ್ಕೆ ಈ ಗುಣವೇ ಕಾರಣ. ಎದುರಿನ ಕಾರು ಎಡಗಡೆ ದೀಪ ಮಿಟುಕಿಸಿದರೆ ಅದು ಬಲಕ್ಕೇ ತಿರುಗುತ್ತದೆ ಎಂದುಕೊಂಡು ಬ್ರೇಕಿನ ಮೇಲೆ ಕಾಲಿಡುವವನು ನಾನು. ಹತ್ತರಲ್ಲಿ ನಾಲ್ಕು ಸಲ ಅದು ಬಲಕ್ಕೇ ತಿರುಗಿದೆ.

ನಮ್ಮದು ಹಲ್ಲಿನ ಲ್ಯಾಬ್. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದಿಟ್ಟಿರುತ್ತಾರೆ, ಅದನ್ನು ನಾನು ತರುತ್ತೇನೆ. ಒಳಗೆ ಕೂತವರು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣ ಮೆತ್ತಿ, ಕುಲುಮೆಯಲ್ಲಿಟ್ಟು ಹಲ್ಲು ಮಾಡುತ್ತಾರೆ. ಆ ಹಲ್ಲನ್ನು ಸ್ಪಂಜು ತುಂಬಿದ ಡಬ್ಬಿಯಲ್ಲಿಟ್ಟುಕೊಂಡು ಮತ್ತೆ ನಾನೇ ಒಯ್ಯುತ್ತೇನೆ. ಅಲ್ಲಿ ರೋಗಿ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಕಾಯುತ್ತಿರುತ್ತಾನೆ, ಹತ್ತು ನಿಮಿಷ ತಡವಾದರೂ ಡಾಕ್ಟರು ಫೋನಿನಲ್ಲೇ ನಮ್ಮ ಹಲ್ಲು ಕೀಳುತ್ತಾರೆ. ಈ ಊರಿನ ಅರ್ಧ ಜನರ ನಗು ಒಂದಲ್ಲ ಒಂದು ದಿನ ನನ್ನ ಡಬ್ಬಿಯಲ್ಲಿ ಓಡಾಡಿದೆ.

ಲ್ಯಾಬಿನಲ್ಲಿ ಬೈಕಿನವರು ಮೂರು ಜನ. ನಮ್ಮೊಳಗೆ ಒಂದು ಪದ್ಧತಿ ಇತ್ತು. ಹೊಸಬ ಬಂದರೆ ಮೂರು ತಿಂಗಳು ಹಳಬನ ಹಿಂದೆ ಹಿಂದೆಯೇ ಬೈಕು ಓಡಿಸಬೇಕು. ದಾರಿಯನ್ನು ಎಲ್ಲೂ ಬರೆದುಕೊಳ್ಳುವ ಹಾಗಿಲ್ಲ. ಬರೆದದ್ದು ಜೇಬಿನಲ್ಲಿ ಉಳಿಯುತ್ತದೆ, ಬರೆಯದ್ದು ತಲೆಯಲ್ಲಿ ಉಳಿಯುತ್ತದೆ ಎಂದು ನನಗೆ ಕಲಿಸಿದ ಹಳಬರು ಹೇಳುತ್ತಿದ್ದರು. ಅವರ ಹಿಂದೆ ನಾನು ಸುತ್ತಿದೆ, ಆಮೇಲೆ ಉಳಿದಿಬ್ಬರು ನನ್ನ ಹಿಂದೆ ಸುತ್ತಿದರು. ಅವರಲ್ಲಿ ತೆಳ್ಳಗಿದ್ದವನನ್ನು ಎಲ್ಲರೂ ಕಡ್ಡಿ ಎನ್ನುತ್ತಾರೆ. ನನ್ನನ್ನು ನಕ್ಷೆ ಎನ್ನುತ್ತಾರೆ. ಕಡ್ಡಿ ಮರ್ಯಾದೆಗೆಂದು ಒಂದು ಮಾಮ ಸೇರಿಸಿ ನಕ್ಷೆ ಮಾಮ ಎನ್ನುತ್ತಾನೆ. ನನಗೆ ಆ ಹೆಸರೆಂದರೆ ಹೆಮ್ಮೆ, ಅದನ್ನು ಮುಚ್ಚಿಟ್ಟುಕೊಂಡೇನೂ ಇಲ್ಲ.

ಒಂದು ದಿನ ಮೇಡಂ ಕರೆದರು. ಮೇಡಂ ಎಂದರೆ ಲ್ಯಾಬಿನ ಒಡತಿ, ಮಾತು ಕಡಿಮೆ, ಮೇಜಿನ ಮೇಲೆ ಯಾವಾಗಲೂ ಒಂದು ದವಡೆ ಪೇಪರ್ ವೇಟಿನ ಹಾಗೆ ಕೂತಿರುತ್ತದೆ.

"ನಕ್ಷೆಯವ್ರೇ, ಬೈಕಿಗೆ ಹಾಕೋ ಜಿಪಿಎಸ್ ಒಂದು ಆರಿಸಿಕೊಡಿ. ಆರು ಸಾವಿರದ ಒಳಗಿರ್ಲಿ. ಚೆನ್ನಾಗಿ ನೋಡಿ ತನ್ನಿ."

"ಯಾರಿಗೆ ಮೇಡಂ? ನಮಗ್ಯಾರಿಗೂ ಬೇಡವಲ್ಲ ಅದು."

"ಹೊಸಬರು ಬರ್ತಾರೆ. ಐದು ಹೊಸ ಕ್ಲಿನಿಕ್ ಸೇರ್ಕೊಂಡಿವೆ. ಮೂರು ತಿಂಗಳು ಹಿಂದೆ ಹಿಂದೆ ಸುತ್ತಿಸ್ತಾ ಕೂರೋಕೆ ಈಗ ಟೈಮಿಲ್ಲ."

"ಫೋನಲ್ಲೇ ದಾರಿ ನೋಡ್ಕೋಬಹುದಲ್ಲ."

"ಹ್ಯಾಂಡಲ್ ಮೇಲೆ ಕುಲುಕಿ ಕುಲುಕಿ ಎರಡು ಫೋನ್ ಹಾಳಾಗಿದೆ. ಬಿಸಿಲಿಗೆ ಕಾದು ಆಫ್ ಆಗುತ್ತೆ. ಅದೂ ಅಲ್ದೆ ಫೋನ್ ಅಂದ್ರೆ ಮಧ್ಯದಲ್ಲಿ ಯಾರಾದ್ರೂ ಕರೀತಾನೇ ಇರ್ತಾರೆ. ಬೇರೆ ಯಂತ್ರಾನೇ ಬೇಕು."

"ಯಾರು ಮೇಡಂ ಹೊಸಬರು?"

"ಬಂದಾಗ ನೋಡ್ತೀರಂತೆ" ಎಂದು ದವಡೆಯನ್ನು ಎತ್ತಿ ಕಾಗದದ ಇನ್ನೊಂದು ಮೂಲೆಯ ಮೇಲಿಟ್ಟರು.

ಹೇಳುವುದಕ್ಕೆ ಏನೂ ಇಲ್ಲದಿದ್ದರೆ ಮನುಷ್ಯರು ವಸ್ತುಗಳನ್ನು ಹೀಗೆ ಸರಿಸುವುದಿಲ್ಲ. ಏನೋ ಇದೆ ಎಂದು ನನಗೆ ಅಲ್ಲೇ ಅನಿಸಿತು. ಹೊರಗೆ ಬಂದು ಕಡ್ಡಿಯನ್ನು ಕೇಳಿದೆ, "ಹೊಸಬರು ಯಾರೋ?" ಅವನು ಚೈನಿಗೆ ಎಣ್ಣೆ ಬಿಡುತ್ತಿದ್ದವನು ತಲೆ ಎತ್ತದೆಯೇ "ನಂಗೇನು ಗೊತ್ತು ಮಾಮ" ಎಂದ. ಚೈನು ಆಗಲೇ ಎಣ್ಣೆಯಲ್ಲಿ ಮುಳುಗಿತ್ತು, ಆದರೂ ಬಿಡುತ್ತಲೇ ಇದ್ದ.

ಮನೆಯಲ್ಲೂ ಗಾಳಿ ಸರಿ ಇರಲಿಲ್ಲ. ಮೂರು ವಾರದಿಂದ ಮಗಳು ಬೆಳಿಗ್ಗೆ ಆರಕ್ಕೇ ಎದ್ದು ವಾಕಿಂಗ್ ಎಂದು ಹೊರಡುತ್ತಿದ್ದಳು. ಒಂಬತ್ತಕ್ಕೆ ಮುಂಚೆ ಹಾಸಿಗೆ ಬಿಟ್ಟ ದಾಖಲೆಯೇ ಇಲ್ಲದವಳು. ಇಪ್ಪತ್ತೆರಡು ವರ್ಷ, ಬಟ್ಟೆ ಅಂಗಡಿಯ ಕೆಲಸ ಬಿಟ್ಟು ಬೇರೆ ಹುಡುಕುತ್ತಿದ್ದಳು. ವಾಕಿಂಗಿಂದ ಬಂದವಳ ಹಣೆಯ ಮೇಲೆ ಅಡ್ಡಕ್ಕೆ ಒಂದು ಕೆಂಪು ಗೆರೆ ಇರುತ್ತಿತ್ತು. ಹೆಲ್ಮೆಟ್ಟಿನ ಗೆರೆ. ಇಪ್ಪತ್ತೊಂದು ವರ್ಷ ನನ್ನ ಹಣೆಯಲ್ಲೇ ಹೊತ್ತದ್ದು ನನಗೆ ಗೊತ್ತಾಗದೇ? ಯಾವನದೋ ಬೈಕಿನ ಹಿಂದೆ ಕೂರುತ್ತಿದ್ದಾಳೆ ಎಂದು ಲೆಕ್ಕ ಹಾಕಿದೆ. ಹೆಂಡತಿಗೆ ಹೇಳಿದರೆ ಅವಳು ನಗುತ್ತಾ, "ರೀ, ಅವಳು ಹಿಂದೆ ಕೂರೋ ಪೈಕಿ ಅಲ್ಲ ಬಿಡಿ" ಎಂದಳು.

"ಅಂದ್ರೆ?"

"ಅಂದ್ರೇನಿಲ್ಲ. ತಾನು ಕಳ್ಳ, ಪರರ ನಂಬ ಅಂತಾರಲ್ಲ, ಹಾಗಾಯ್ತು ನಿಮ್ಮದು."

"ನಾನೇನು ಕದ್ದಿದೀನೇ?"

"ಸುಮ್ನೆ ಗಾದೆ ಹೇಳ್ದೆ ಕಣ್ರೀ" ಎಂದು ಒಳಗೆ ಹೋದಳು. ಅಡುಗೆಮನೆಯಲ್ಲಿ ತಾಯಿ ಮಗಳು ಪಿಸುಗುಟ್ಟುವುದು ಕೇಳಿಸಿತು. ನಾನು ನೀರು ಕುಡಿಯುವ ನೆಪದಲ್ಲಿ ಹೋದೆ. ಇಬ್ಬರೂ ಒಟ್ಟಿಗೆ ಬಾಯಿ ಮುಚ್ಚಿದರು.

ಹೋದ ವರ್ಷ ಇದೇ ಮಗಳು "ಅಪ್ಪಾ, ನಿಮ್ಮ ಲ್ಯಾಬಲ್ಲಿ ನಂಗೂ ಬೈಕಿನ ಕೆಲಸ ಕೊಡ್ಸು" ಎಂದಿದ್ದಳು. ಬೈಕು ಓಡಿಸುವುದು ಬೇಕಾದರೆ ಕಲಿ, ಕೆಲಸಕ್ಕೆ ಬೇಡ, ಊರಿನವರು ಹೇಗೆ ಓಡಿಸುತ್ತಾರೆ ಎಂದು ನನಗೆ ಗೊತ್ತು ಎಂದು ಬಾಯಿ ಮುಚ್ಚಿಸಿದ್ದೆ. ಆಮೇಲೆ ಅವಳು ಆ ಮಾತೆತ್ತಲಿಲ್ಲ. ಎತ್ತಲಿಲ್ಲವಾದ್ದರಿಂದ ಮರೆತಳು ಎಂದುಕೊಂಡೆ. ಎಲ್ಲರನ್ನೂ ಅನುಮಾನಿಸುವ ನಾನು ಅನುಮಾನಿಸಬೇಕಾದ ಜಾಗದಲ್ಲಿ ಮಾತ್ರ ಕಣ್ಣು ಮುಚ್ಚಿಕೊಂಡಿದ್ದೆ.

ಜಿಪಿಎಸ್ ನೋಡಲು ಬೈಕಿನ ಸಾಮಾನು ಮಾರುವ ಗಲ್ಲಿಗೆ ಹೋದೆ. ಕಿರಿದಾದ ಅಂಗಡಿ, ಚಾವಣಿಯಿಂದ ಟೈರು ಟ್ಯೂಬು ನೇತಾಡುತ್ತಿದ್ದವು. ಅಂಗಡಿಯವ ಕನ್ನಡಕವನ್ನು ಹಣೆಗೇರಿಸಿಕೊಂಡು ನನ್ನನ್ನು ನೋಡಿದ. ನನ್ನ ಜಾತಿಯವನೇ, ಅಂದರೆ ಅನುಮಾನದ ಜಾತಿ. ಗಾಜಿನ ಪೆಟ್ಟಿಗೆಯಿಂದ ಮೂರು ಯಂತ್ರ ತೆಗೆದಿಟ್ಟವನು, ನಾನು ಒಂದನ್ನು ಕೈಗೆತ್ತಿಕೊಂಡರೆ ಉಳಿದೆರಡನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದ.

ಮೊದಲನೆಯದು ಹದಿನೈದು ಸಾವಿರ, ಅದನ್ನು ಅಲ್ಲೇ ಬಿಟ್ಟೆವು. ಎರಡನೆಯದು ಹೋದ ವರ್ಷದ ಮಾದರಿ, ಡಬ್ಬಿ ಹರಿದಿದೆ ಎಂದು ಐದು ಸಾವಿರದ ಎಂಟುನೂರಕ್ಕೆ ಇಳಿಸಿದ್ದ. ಮೂರನೆಯದು ಎರಡು ಸಾವಿರದ ಒಂಬೈನೂರು, ನೋಡುವುದಕ್ಕೆ ಎಲ್ಲಕ್ಕಿಂತ ಹೊಳಪು.

"ಇದ್ಯಾಕೆ ಇಷ್ಟು ಅಗ್ಗ?"

"ಒಳಗಿರೋ ನಕ್ಷೆ ಹಳೇದು ಸಾರ್. ಐದಾರು ವರ್ಷದ್ದು. ಬದಲಾಯಿಸೋಕಾಗಲ್ಲ."

"ನಿಜ ಹೇಳ್ತಿದ್ದೀಯಲ್ಲ, ಯಾಕೆ?"

"ನಾಳೆ ನೀವು ಬಂದು ಜಗಳ ಆಡ್ಬಾರ್ದಲ್ಲ, ಅದಕ್ಕೆ."

ಎರಡನ್ನೂ ಒಂದೊಂದು ದಿನ ಓಡಿಸಿ ನೋಡುತ್ತೇನೆ ಎಂದೆ. ಅವನು ನನ್ನ ಮುಖವನ್ನೂ ಬೈಕಿನ ನಂಬರನ್ನೂ ನೋಡಿ, ಡ್ರೈವಿಂಗ್ ಲೈಸೆನ್ಸು ಒತ್ತೆ ಇಡಿ ಎಂದ. ಲೈಸೆನ್ಸಿಲ್ಲದೆ ಬೈಕು ಹೇಗೆ ಓಡಿಸಲಿ ಎಂದೆ. ಅದು ನಿಮ್ಮ ಕಷ್ಟ ಎಂದ. ಕೊನೆಗೆ ಕೈಗಡಿಯಾರ ಬಿಚ್ಚಿಕೊಟ್ಟೆ.

ಮೊದಲ ದಿನ ಐದು ಸಾವಿರದ ಎಂಟುನೂರರದ್ದನ್ನು ಹ್ಯಾಂಡಲಿಗೆ ಬಿಗಿದೆ. ಹುಳುಕು ಹುಡುಕಲೆಂದೇ ಹೊರಟಿದ್ದೆ. ನಡುಹಗಲಿನ ಬಿಸಿಲಿನಲ್ಲೂ ಪರದೆ ಸ್ವಚ್ಛವಾಗಿ ಕಾಣುತ್ತಿತ್ತು. ಕೈಗವಸು ಹಾಕಿಕೊಂಡೇ ಒತ್ತಿದರೂ ಕೇಳುತ್ತಿತ್ತು. ಕೊಳಾಯಿ ಕೆಳಗೆ ಹಿಡಿದೆ, ಏನೂ ಆಗಲಿಲ್ಲ. ರಸ್ತೆಯ ಉಬ್ಬುಗಳ ಮೇಲೆ ಬೇಕೆಂದೇ ಎತ್ತಿ ಹಾಕಿದೆ, ಹಿಡಿ ಸಡಿಲವಾಗಲಿಲ್ಲ. ತಿಂಗಳ ಹಿಂದೆ ತೆರೆದ ಕೆಳಸೇತುವೆ ಕೂಡ ಅದಕ್ಕೆ ಗೊತ್ತಿತ್ತು.

ಅಷ್ಟಾದರೂ ತಡೆದುಕೊಳ್ಳುತ್ತಿದ್ದೆ. ಹಳೇ ಮುದ್ರಣಾಲಯದ ಹಿಂಗೋಡೆಗೂ ಶಾಲೆಯ ಕಾಂಪೌಂಡಿಗೂ ನಡುವೆ ಒಂದು ಸಂದಿ ಇದೆ, ಒಂದು ಬೈಕು ಮಾತ್ರ ತೂರಬಹುದು. ಏಳು ವರ್ಷದ ಹಿಂದೆ ನಾನೇ ಕಂಡುಕೊಂಡದ್ದು. ಹನ್ನೊಂದು ನಿಮಿಷ ಉಳಿಯುತ್ತದೆ. ಕಡ್ಡಿಗೂ ಹೇಳಿಲ್ಲ, ಅವನನ್ನು ಹಿಂದೆ ಸುತ್ತಿಸುವಾಗಲೂ ದೊಡ್ಡ ರಸ್ತೆಯಲ್ಲೇ ಕರೆದೊಯ್ದಿದ್ದೆ. ಆ ತಿರುವಿನ ಹತ್ತಿರ ಬಂದಾಗ ಯಂತ್ರದೊಳಗಿನ ಹೆಣ್ಣುದನಿ "ಐವತ್ತು ಮೀಟರಿನ ನಂತರ ಎಡಕ್ಕೆ ತಿರುಗಿ" ಎಂದಿತು. ಪರದೆಯ ಮೇಲೆ ನನ್ನ ಸಂದಿ ತೆಳ್ಳನೆಯ ಗೆರೆಯಾಗಿ ಬಿದ್ದಿತ್ತು.

ಬೈಕು ನಿಲ್ಲಿಸಿದೆ. ಹೆದರಿದೆ, ಸುಳ್ಳು ಹೇಳುವುದಿಲ್ಲ. ಈ ಆರು ಇಂಚಿನ ಡಬ್ಬಿಗೆ ನನ್ನ ಇಪ್ಪತ್ತೊಂದು ವರ್ಷ ಗೊತ್ತಿದ್ದರೆ ಮೇಡಂಗೆ ನಾನು ಯಾಕೆ ಬೇಕು? ನಾಳೆ ಯಾವನೋ ಹೊಸಬ ಬರುತ್ತಾನೆ, ಅರ್ಧ ಸಂಬಳಕ್ಕೆ ಇದನ್ನು ಸಿಕ್ಕಿಸಿಕೊಂಡು ಹೊರಡುತ್ತಾನೆ. ನನಗೆ ಐವತ್ತಮೂರು. ಬೇರೆ ಕೆಲಸ ಬರುವುದಿಲ್ಲ. ಮೇಡಂ ನನ್ನ ಕೈಯಿಂದಲೇ ನನ್ನ ಗುಂಡಿ ತೋಡಿಸುತ್ತಿದ್ದಾರೆ ಎಂದು ಖಚಿತವಾಯಿತು. ದವಡೆ ಸರಿಸಿದ್ದು, ಕಡ್ಡಿ ತಲೆ ಎತ್ತದೇ ಇದ್ದದ್ದು, ಎಲ್ಲಕ್ಕೂ ಅರ್ಥ ಸಿಕ್ಕಿತು.

ಮರುದಿನ ಅಗ್ಗದ್ದನ್ನು ಬಿಗಿದುಕೊಂಡು, ಕಾಲುವೆಯ ಆಚೆ ಬಡಾವಣೆಗೆ ದಾರಿ ತೋರಿಸು ಎಂದು ಒತ್ತಿದೆ. ಅಂಚೆ ಕಚೇರಿಯ ಪಕ್ಕದ ಒನ್ ವೇಯೊಳಗೆ ತಿರುಗುಮುರುಗಾಗಿ ನುಗ್ಗು ಎಂದಿತು, ನಾನು ಇಳಿದು ಬೈಕು ತಳ್ಳಿಕೊಂಡು ದಾಟಿದೆ. ಆಮೇಲೆ ಮರದ ಡಿಪೋವನ್ನು ರಸ್ತೆಯೆಂದು ತಿಳಿದು ಅದರ ಗೇಟಿನೊಳಗೆ ಹೋಗು ಎಂದಿತು. ಅಲ್ಲಿಂದ ಕಾಲುವೆ ದಂಡೆ ಹಿಡಿಸಿ ಸೀದಾ ಹಳೇ ಸೇತುವೆಗೆ ತಂದಿತು. ಆ ಸೇತುವೆಯ ನಡುಭಾಗ ಮೂರು ವರ್ಷದ ಹಿಂದಿನ ನೆರೆಗೆ ಕುಸಿದು ಹೋಗಿದೆ. ಎದುರಿಗೆ ಮಣ್ಣಿನ ಗುಡ್ಡೆ ಹಾಕಿ ಎರಡು ಡ್ರಮ್ಮು ಇಟ್ಟಿದ್ದರು. ಡ್ರಮ್ಮನ್ನು ಯಾರೋ ಹೊತ್ತುಕೊಂಡು ಹೋಗಿದ್ದರು. ರಸ್ತೆ ಪಂಪ್ ಮನೆಯ ಗೋಡೆ ಸುತ್ತಿ ಬರುವುದರಿಂದ ಗುಡ್ಡೆ ಕಾಣುವುದೂ ಕೊನೆಯ ಗಳಿಗೆಯಲ್ಲಿ. ಅಷ್ಟರಲ್ಲೂ ಹೆಣ್ಣುದನಿ "ನೇರವಾಗಿ ಮುಂದುವರಿಯಿರಿ" ಎನ್ನುತ್ತಿತ್ತು.

ನಾನು ನಕ್ಕೆ. ಇದೇ ಬೇಕಾದದ್ದು. ಹೊಸಬ ಒಂದು ವಾರ ಅಲೆಯಲಿ, ಡಾಕ್ಟರುಗಳು ಬೈಯಲಿ, ಯಂತ್ರಕ್ಕಿಂತ ನಕ್ಷೆಯವರೇ ವಾಸಿ ಎಂದು ಮೇಡಂಗೆ ತಾನಾಗಿಯೇ ಹೊಳೆಯುತ್ತದೆ. ಹೊಸಬ ದಾರಿ ತಪ್ಪುತ್ತಾನೆ ಎಂದಷ್ಟೇ ಯೋಚಿಸಿದೆ. ಅವನಿಗೆ ಕೈಕಾಲು ಇರುತ್ತವೆ ಎಂದು ಯೋಚಿಸಲಿಲ್ಲ.

ಅಂಗಡಿಯವ ನನ್ನ ಆಯ್ಕೆ ನೋಡಿ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿದ.

"ಅದನ್ನ ಬಿಟ್ಟು ಇದನ್ನ ತಗೋತೀರಾ? ಹೇಳ್ದೆನಲ್ಲ ಸಾರ್, ನಕ್ಷೆ ಹಳೇದು."

"ನನಗೆ ಗೊತ್ತು. ಬಿಲ್ ಬರಿ."

ಅವನು ಬಿಲ್ಲು ಬರೆದು, ಅದರ ಕೆಳಗೆ "ನಕ್ಷೆ ಹಳೆಯದೆಂದು ಗಿರಾಕಿಗೆ ತಿಳಿಸಲಾಗಿದೆ" ಎಂದು ಇನ್ನೊಂದು ಸಾಲು ಬರೆದು, "ಇಲ್ಲೊಂದು ಸೈನ್ ಹಾಕಿ" ಎಂದ. ಇವನಿಗಿಂತ ಅನುಮಾನದ ಪ್ರಾಣಿ ಇನ್ನೊಂದಿಲ್ಲ ಎಂದು ಬೈದುಕೊಂಡು ಹಾಕಿದೆ. ಮೇಡಂ ಬಿಲ್ಲನ್ನು ಓದುವುದಿಲ್ಲ, ಮೊತ್ತ ನೋಡಿ ಡ್ರಾಯರಿಗೆ ಸೇರಿಸುತ್ತಾರೆ ಎಂದು ಗೊತ್ತಿತ್ತು. ಹಾಗೇ ಆಯಿತು.

"ಇಷ್ಟು ಕಡಿಮೆಗೆ ಸಿಕ್ತಾ? ಚೆನ್ನಾಗಿದೆಯಾ?"

"ನಾನೇ ಓಡಿಸಿ ನೋಡಿದೀನಿ ಮೇಡಂ. ಇದಕ್ಕಿಂತ ಒಳ್ಳೇದು ಬೇಡ."

"ನೀವು ಹೇಳಿದ ಮೇಲೆ ಮುಗೀತು" ಎಂದರು. ಆ ಮಾತಿಗೂ ನಾನು ಎರಡು ದಿನ ಅರ್ಥ ಹುಡುಕಿದೆ.

ಸೋಮವಾರ ಬೆಳಿಗ್ಗೆ ಮೊದಲ ಸುತ್ತು ಮುಗಿಸಿ ಹನ್ನೊಂದಕ್ಕೆ ಲ್ಯಾಬಿಗೆ ಬಂದೆ. ಬೈಕಿನ ಕೀ ನೇತುಹಾಕುವ ನಾಲ್ಕು ಮೊಳೆಗಳಲ್ಲಿ ನಾಲ್ಕನೆಯದು ವರ್ಷದಿಂದ ತುಂಬಿಯೇ ಇತ್ತು, ಓಡಿಸುವವರಿಲ್ಲದ ಬೈಕಿನದು. ಇವತ್ತು ಖಾಲಿ. ಕಡ್ಡಿ ಮೂಲೆಯಲ್ಲಿ ನಿಂತು ನನ್ನನ್ನು ನೋಡಿ ಹಲ್ಲು ಕಿರಿಯುತ್ತಿದ್ದ.

"ಏನೋ ನಗ್ತೀಯ? ಬಂದ್ನಾ ನಿಮ್ಮ ಹೊಸಬ?"

"ಬಂದಾಯ್ತು, ಹೋಗಿದ್ದೂ ಆಯ್ತು. ನೀವೇ ಮೇಡಂನ ಕೇಳಿ ಮಾಮ, ನಾನು ಹೇಳಲ್ಲ ಅಂತ ಮಾತು ಕೊಟ್ಟಿದೀನಿ."

ಮೇಡಂ ಬಾಗಿಲಲ್ಲೇ ನಿಂತಿದ್ದರು. ಅವರೂ ನಗುತ್ತಿದ್ದರು. ಮೇಡಂ ನಗುವುದನ್ನು ನಾನು ನೋಡಿದ್ದು ಕಡಿಮೆ.

"ಸಂಜೆ ಹೇಳೋಣ ಅಂತಿದ್ವಿ. ಇರ್ಲಿ. ನಿಮ್ಮ ಮಗಳೇ ನಕ್ಷೆಯವ್ರೇ. ಅಪ್ಪಂಗೆ ಮೊದಲೇ ಹೇಳಿದ್ರೆ ಬಿಡಲ್ಲ, ಒಂದು ದಿನ ಕೆಲಸ ಮಾಡಿ ತೋರಿಸಿ ಆಮೇಲೆ ಹೇಳ್ತೀನಿ ಅಂದ್ಳು. ಮೂರು ವಾರದಿಂದ ಕಡ್ಡಿ ಹತ್ರ ಬೆಳಿಗ್ಗೆ ಬೆಳಿಗ್ಗೆ ಕಲ್ತಿದಾಳೆ. ನೀವು ಮೂರು ಜನ ಸಾಕಾಗ್ತಿಲ್ಲ ಅಂತ ನಾನೂ ಒಪ್ಕೊಂಡೆ."

ನನಗೆ ಖುಷಿಯಾಗಬೇಕಿತ್ತು. ಬೇರೆ ಯಾವ ತಂದೆಗಾದರೂ ಆಗುತ್ತಿತ್ತು.

"ಎಲ್ಲಿಗೆ ಕಳ್ಸಿದ್ರಿ ಅವಳನ್ನ?"

"ಕಾಲುವೆ ಆಚೆ ಹೊಸ ಕ್ಲಿನಿಕ್‌ಗೆ. ಮೊದಲನೇ ದಿನ, ನಂಗೂ ಸ್ವಲ್ಪ ಅಳುಕಿತ್ತು. ಆದ್ರೆ ಯಂತ್ರ ನೀವೇ ಆರಿಸಿದ್ದಲ್ವಾ, ಅದೇ ಧೈರ್ಯ."

ಎಷ್ಟು ಹೊತ್ತಾಯಿತು ಎಂದೆ. ಇಪ್ಪತ್ತು ನಿಮಿಷ ಎಂದರು. ಫೋನ್ ತೆಗೆದು ಮಗಳಿಗೆ ಮಾಡಿದೆ. ಗಂಟೆ ಬಾರಿಸಿತು, ಬಾರಿಸಿತು, ನಿಂತಿತು. ಬೈಕಿನ ಮೇಲಿದ್ದಾಗ ಫೋನ್ ಎತ್ತುವವನು ಅರ್ಧ ಸತ್ತ ಹಾಗೆ ಎಂದು ಮನೆಯಲ್ಲಿ ದಿನಾ ಬಡಕೊಂಡವನು ನಾನು. ಅವಳು ಕೇಳಿಸಿಕೊಂಡಿದ್ದಳು.

"ಯಾಕೆ, ಏನಾಯ್ತು?" ಎಂದು ಮೇಡಂ ಕೇಳುತ್ತಿದ್ದಾಗಲೇ ನಾನು ಬೈಕು ಹತ್ತಿದೆ.

ಮುದ್ರಣಾಲಯದ ಸಂದಿಯಲ್ಲಿ ಹೋದರೆ ಕಾಲುವೆ ಹತ್ತಿರ. ಆದರೆ ಅವಳು ಎಲ್ಲಿ ಸಿಕ್ಕಿಕೊಂಡಿದ್ದಾಳೋ, ದಾರಿಯಲ್ಲೇ ಬಿದ್ದಿದ್ದಾಳೋ ಯಾರಿಗೆ ಗೊತ್ತು? ಅವಳು ಹೋದ ದಾರಿಯಲ್ಲೇ ಹೋಗಬೇಕಿತ್ತು. ಆ ಸುಳ್ಳು ದಾರಿ ನನಗೆ ತಿರುವು ತಿರುವಾಗಿ ಬಾಯಿಪಾಠವಾಗಿತ್ತು. ಜೀವಮಾನದಲ್ಲಿ ಮೊದಲ ಸಲ ಒನ್ ವೇಯಲ್ಲಿ ಗೊತ್ತಿದ್ದೂ ಗೊತ್ತಿದ್ದೂ ಉಲ್ಟಾ ನುಗ್ಗಿದೆ. ಪೊಲೀಸಿನವನು ಕೈ ಅಡ್ಡ ಹಾಕಿದ.

"ಏನ್ರೀ ಇವತ್ತು ಎಲ್ಲಾರೂ ಉಲ್ಟಾನೇ ಬರ್ತೀರಾ? ಈಗ ತಾನೇ ಒಂದು ಹುಡುಗೀನ ಬೈದು ಕಳಿಸ್ದೆ."

"ಏನಂದ್ಳು ಅವಳು?"

"ಯಂತ್ರ ಸರಿಯಾಗೇ ಹೇಳುತ್ತೆ, ನಿಮ್ಮ ಬೋರ್ಡೇ ತಪ್ಪಿರಬೇಕು ಅಂತ ನಂಗೇ ವಾದ ಮಾಡಿದ್ಳು" ಎಂದವನು ನನ್ನ ಮುಖ ನೋಡಿ ಏನನ್ನಿಸಿತೋ, ಕೈ ತೆಗೆದ.

ಮರದ ಡಿಪೋದಲ್ಲಿ ಕಾವಲಿನವರು ಕುರ್ಚಿಯಿಂದ ಎದ್ದರು. ನಾನು ಕೇಳುವ ಮೊದಲೇ "ಡಬ್ಬಿ ಕಟ್ಕೊಂಡಿದ್ದ ಹುಡುಗೀನಾ? ಇದು ರಸ್ತೆ ಅಲ್ಲಮ್ಮ ಅಂದೆ. ಇದೆ ಅಂತ ತೋರಿಸ್ತಿದೆ ಬಿಡಿ ಅಜ್ಜ ಅಂದ್ಳು. ಪಾಪ ಅಂತ ಹಿಂದಿನ ಗೇಟಿಂದ ಬಿಟ್ಟೆ" ಎಂದರು. ದಿಮ್ಮಿಗಳ ಮಧ್ಯೆ ಹೊಟ್ಟಿನ ಮೇಲೆ ಅವಳ ಟೈರಿನ ಗುರುತು ಹಸಿಯಾಗಿತ್ತು. ನಾನು ಅದರ ಮೇಲೆಯೇ ಓಡಿಸಿದೆ.

ಕಾಲುವೆ ದಂಡೆಗೆ ಬಂದೆ. ಪಂಪ್ ಮನೆಯ ಗೋಡೆ ಕಂಡಿತು. ಅದರಾಚೆ ಏನೂ ಕಾಣುತ್ತಿರಲಿಲ್ಲ. ಆ ಗೋಡೆ ದಾಟುವಷ್ಟರಲ್ಲಿ ನಾನು ಯಾರ್ಯಾರಿಗೆ ಏನೇನು ಹರಕೆ ಹೊತ್ತೆನೋ ನನಗೇ ನೆನಪಿಲ್ಲ.

ಬೈಕು ಮಣ್ಣಿನ ಗುಡ್ಡೆಯ ಮೇಲೆ ಅಡ್ಡ ಬಿದ್ದಿತ್ತು, ಮುಂದಿನ ಚಕ್ರ ಇನ್ನೂ ಆಚೆ ಕಡೆಗೆ ವಾಲಿತ್ತು. ಅಲ್ಲಿಂದ ಎರಡು ಮಾರು ದೂರಕ್ಕೆ ಸೇತುವೆ ಮುಗಿದು ಕೆಳಗೆ ನೀರು. ಮಗಳು ಗುಡ್ಡೆಯ ಈಚೆ ಕೂತಿದ್ದಳು. ಬಲಗೈ ಗವಸು ಹರಿದು ಅಂಗೈಯಿಂದ ರಕ್ತ ಸೋರುತ್ತಿತ್ತು, ಪ್ಯಾಂಟಿನ ಮಂಡಿ ಕಿತ್ತುಹೋಗಿತ್ತು. ಹಲ್ಲಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯಲ್ಲಿ ತಬ್ಬಿಕೊಂಡಿದ್ದಳು. ನನ್ನನ್ನು ನೋಡಿ ಮೊದಲು ಹೇಳಿದ್ದು, "ಹಲ್ಲಿಗೇನೂ ಆಗಿಲ್ಲ ಅಪ್ಪಾ. ನೋಡ್ದೆ."

ನಾನು ಅವಳ ಪಕ್ಕ ಕುಸಿದೆ. ಅವಳ ತಲೆ, ಭುಜ, ಮೊಣಕೈ ಎಲ್ಲ ಮುಟ್ಟಿ ನೋಡಿದೆ. ಕರವಸ್ತ್ರದಿಂದ ಅಂಗೈ ಕಟ್ಟುವಾಗ ನನ್ನ ಕಣ್ಣಲ್ಲಿ ನೀರು ಬಂದದ್ದು ಅವಳಿಗೆ ಕಂಡಿತು.

"ಅಳ್ಬೇಡ. ನಿಂಗೆ ಹೇಳ್ದೆ ಬಂದೆ, ತಪ್ಪಾಯ್ತು. ಸಿಟ್ಟಾ?"

"ಇಲ್ಲ."

"ಮೊದಲನೇ ತಿರುವಲ್ಲೇ ಏನೋ ಸರಿ ಇಲ್ಲ ಅನ್ನಿಸ್ತು ಅಪ್ಪಾ. ಡಿಪೋ ಹತ್ರ ಖಾತ್ರಿನೇ ಆಯ್ತು. ವಾಪಸ್ ತಿರುಗಿಸ್ಬೇಕು ಅಂದ್ಕೊಂಡೆ. ಆದ್ರೆ ನೀನು ಆರಿಸಿದ್ದು ಅಂತ ಮೇಡಂ ಹೇಳಿದ್ರಲ್ಲ. ನೀನು ಸುಮ್‌ಸುಮ್ನೆ ಏನನ್ನೂ ಒಪ್ಪೋನಲ್ಲ. ಅಪ್ಪ ಓಡಿಸಿ ನೋಡಿದಾನೆ ಅಂದ್ಮೇಲೆ ನನ್ನ ಕಣ್ಣೇ ತಪ್ಪಿರಬೇಕು ಅಂತ ಬಂದ್ಬಿಟ್ಟೆ."

ಇದಕ್ಕಿಂತ ಅವಳು ನನ್ನ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು. ಆಗಲೂ ನನ್ನ ನಾಲಿಗೆ ತನ್ನ ಹಳೇ ದಾರಿಯನ್ನೇ ಹಿಡಿಯಿತು.

"ಆ ಅಂಗಡಿಯವ ಮೋಸ ಮಾಡ್ದ" ಎಂದೆ. "ನೋಡಿದ್ರೇ ಗೊತ್ತಾಗ್ತಿತ್ತು ಅವನ ಕಣ್ಣು."

ಅವಳು ಎದ್ದು ನಿಂತಳು. "ಎಲ್ಲಿದೆ ಅಂಗಡಿ? ಈ ಹಲ್ಲು ಕೊಟ್ಟು ಈಗ್ಲೇ ಹೋಗೋಣ. ಇಬ್ರೂ ಹೋಗಿ ಕೇಳೋಣ. ಜೀವ ಹೋಗಿದ್ರೆ ಯಾರು ಹೊಣೆ? ನಿನ್ನಂಥೋರಿಗೇ ಮೋಸ ಮಾಡ್ತಾನೆ ಅಂದ್ರೆ ಇನ್ನು ಬೇರೆಯೋರ ಗತಿ ಏನು?"

ಅವಳ ಸಿಟ್ಟೆಲ್ಲ ನನ್ನ ಪರವಾಗಿ ಏರಿತ್ತು. ಮೇಡಂ ಡ್ರಾಯರಿನಲ್ಲಿದ್ದ ಬಿಲ್ಲು, ಅದರ ಕೆಳಗಿನ ಸಾಲು, ಅದರ ಪಕ್ಕ ನನ್ನ ಸೈನು ಕಣ್ಣ ಮುಂದೆ ಬಂತು. ಆದರೆ ನಾನು ಬಾಯಿ ಬಿಟ್ಟದ್ದು ಬಿಲ್ಲಿನ ಹೆದರಿಕೆಗಲ್ಲ. ಅವಳು ಹಾಗೆ ನನ್ನ ಪರ ನಿಂತದ್ದನ್ನು ನೋಡಲಾಗಲಿಲ್ಲ.

"ಅವನು ಹೇಳಿದ್ದ ಪುಟ್ಟೀ. ನಕ್ಷೆ ಹಳೇದು ಅಂತ ಎರಡು ಸಲ ಹೇಳ್ದ. ನಾನೇ ಬೇಕು ಅಂತ ಇದನ್ನ ತಗೊಂಡೆ. ಈ ಸೇತುವೆಗೇ ಕರ್ಕೊಂಡು ಬರುತ್ತೆ ಅಂತ ನಂಗೆ ಗೊತ್ತಿತ್ತು. ಓಡಿಸಿ ನೋಡಿದೀನಿ ಅಂತ ನಾನು ಮೇಡಂಗೆ ಹೇಳಿದ್ದು ನಿಜವೇ."

ಅವಳಿಗೆ ತಕ್ಷಣ ತಲೆಗೆ ಹೋಗಲಿಲ್ಲ.

"ಯಾಕೆ?"

"ಹೊಸಬರು ಬಂದ್ರೆ ನನ್ನ ಕೆಲಸ ಹೋಗುತ್ತೆ ಅಂತ ಹೆದರಿದೆ. ಅವನು ದಾರಿ ತಪ್ಪಲಿ, ಮೇಡಂಗೆ ಬುದ್ಧಿ ಬರ್ಲಿ ಅಂತ. ನೀನು ಅಂತ ಗೊತ್ತಿದ್ರೆ, ನಿನ್ನಾಣೆ..."

"ನಾನು ಅಂತ ಗೊತ್ತಿದ್ರೆ ಏನು?" ಎಂದಳು. ದನಿ ಏರಲಿಲ್ಲ. "ನಾನಲ್ದೆ ಬೇರೆ ಯಾರದ್ದಾದ್ರೂ ಮಗಳಾಗಿದ್ರೆ ಪರ್ವಾಗಿರ್ಲಿಲ್ವಾ ಅಪ್ಪಾ?"

ನಾನು ಕಾಲುವೆಯ ಕಡೆ ನೋಡಿದೆ. ಇಪ್ಪತ್ತೊಂದು ವರ್ಷದಲ್ಲಿ ದಾರಿ ಕೇಳಿದ ಯಾರಿಗೂ ಗೊತ್ತಿಲ್ಲ ಎಂದವನಲ್ಲ ನಾನು.

ಇಬ್ಬರೂ ಸೇರಿ ಬೈಕನ್ನು ಗುಡ್ಡೆಯಿಂದ ಇಳಿಸಿದೆವು. ಒಂದು ಕನ್ನಡಿ ಒಡೆದಿತ್ತು, ಬ್ರೇಕಿನ ಹಿಡಿ ಸ್ವಲ್ಪ ಬಾಗಿತ್ತು, ಮೊದಲ ಒದೆತಕ್ಕೇ ಶುರುವಾಯಿತು. ನಾನು ಡಬ್ಬಿಗೆ ಕೈ ಚಾಚಿ "ಕೊಡು, ನಾನು ತಲುಪಿಸ್ತೀನಿ, ನೀನು ಮನೆಗೆ ಹೋಗು" ಎಂದೆ. ಅವಳು ಕೊಡಲಿಲ್ಲ. ಅದನ್ನು ಹಿಂದಿನ ಸೀಟಿಗೆ ಬಿಗಿಯಾಗಿ ಕಟ್ಟಿದಳು. ಹ್ಯಾಂಡಲಿನಿಂದ ಜಿಪಿಎಸ್ ಬಿಚ್ಚಿ ನನ್ನ ಕೈಯಲ್ಲಿಟ್ಟಳು.

"ಇದನ್ನ ನೀನೇ ಮೇಡಂಗೆ ಕೊಡು. ಯಾಕೆ ಅಂತ ನೀನೇ ಹೇಳು."

"ಹೇಳ್ತೀನಿ."

"ಅಲ್ಲಿ ರೋಗಿ ಕಾಯ್ತಿರ್ತಾರೆ. ದಾರಿ ಹೇಳು."

"ನಾನು ಮುಂದೆ ಹೋಗ್ತೀನಿ, ನೀನು ಹಿಂದೆ..."

"ಬೇಡ. ಹೇಳು ಸಾಕು."

ಹೇಳಿದೆ. ದಂಡೆ ಹಿಡಿದು ವಾಪಸ್ಸು, ಟೈರಿನ ಅಂಗಡಿ ಇರುವ ಕವಲಿನಲ್ಲಿ ಬಲಕ್ಕೆ, ಹೊಸ ಸೇತುವೆ ದಾಟಿ ಮೂರನೇ ಎಡ, ನೀಲಿ ಗೇಟಿನ ಎದುರು. ಸಣ್ಣವಳಿದ್ದಾಗ ಅವಳನ್ನು ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಇದೇ ರೀತಿ ತಿರುವುಗಳನ್ನು ಹೇಳುತ್ತಿದ್ದೆ, ಅವಳು ಹಾಡಿನ ಹಾಗೆ ನನ್ನ ಜೊತೆ ಹೇಳುತ್ತಿದ್ದಳು. ಈಗಲೂ ಒಂದೊಂದನ್ನೂ ತಿರುಗಿ ಹೇಳಿದಳು, ಆದರೆ ಒಂದೊಂದನ್ನೂ ಕೇಳುವ ದನಿಯಲ್ಲಿ.

"ಬಲಕ್ಕಾ? ನಿಜವಾಗ್ಲೂ ಬಲಕ್ಕೇನಾ?"

"ನಿಜವಾಗ್ಲೂ."

ಅವಳು ಹೆಲ್ಮೆಟ್ ಹಾಕಿಕೊಂಡು ಹೊರಟಳು. ನಾನು ಜಿಪಿಎಸ್ ಜೇಬಿಗೆ ಹಾಕಿಕೊಂಡು, ಸಾಕಷ್ಟು ದೂರ ಬಿಟ್ಟು ಹಿಂದೆ ಹೋದೆ. ಟೈರಿನ ಅಂಗಡಿಯ ಕವಲಿನಲ್ಲಿ ಅವಳ ಬೈಕು ನಿಂತಿತು. ಮುಖದ ಗಾಜು ಮೇಲೆತ್ತಿ, ಅಲ್ಲಿ ಕೂತು ಪಂಕ್ಚರ್ ಹಾಕುತ್ತಿದ್ದ ಹೆಂಗಸನ್ನು ಏನೋ ಕೇಳಿದಳು. ಆ ಹೆಂಗಸು ಕೈ ಒರೆಸಿಕೊಂಡು ಎದ್ದು ಬಲಕ್ಕೆ ತೋರಿಸಿದಳು. ಅಷ್ಟಾದ ಮೇಲೆಯೇ ನನ್ನ ಮಗಳು ಬಲಕ್ಕೆ ತಿರುಗಿದಳು.